ಬ್ಯಾಂಕು, ರೆಪೊ, ಬಿಕ್ಕಟ್ಟು: ಯಾವುದನ್ನು ಎಲ್ಲಿ ಕಲಿಯೋದು?

ಬ್ಯಾಂಕು ಹೇಗೆ ನಡೆಯುತ್ತದೆ, ಆರ್‌ಬಿಐ ಬಡ್ಡಿ ದರವನ್ನು ಯಾಕೆ ಏರಿಸಿ ಇಳಿಸುತ್ತದೆ, ನಿನ್ನೆವರೆಗೂ ಚೆನ್ನಾಗಿದ್ದ ಬ್ಯಾಂಕು ಇವತ್ತು ಯಾಕೆ ಬಾಗಿಲು ಹಾಕುತ್ತದೆ. ಈ ಮೂರನ್ನೂ ಒಟ್ಟಿಗೆ ಚೆನ್ನಾಗಿ ಹೇಳಿಕೊಡುವ ಒಂದು ಪುಸ್ತಕವನ್ನಾಗಲಿ, ಒಂದು ಕೋರ್ಸನ್ನಾಗಲಿ ನಾನು ಕಂಡಿಲ್ಲ. ಹಾಗೆ ಹೇಳಿಕೊಡುತ್ತೇನೆ ಅನ್ನುವವರು ಸಾಮಾನ್ಯವಾಗಿ ಏನೋ ಮಾರುತ್ತಿರುತ್ತಾರೆ. ಮೂರಕ್ಕೂ ಬೇರೆ ಬೇರೆ ಕಡೆ ಹೋಗಬೇಕು. ಯಾವುದಕ್ಕೆ ಎಲ್ಲಿಗೆ ಹೋದರೆ ಸಮಯ ಉಳಿಯುತ್ತದೆ ಅನ್ನೋದೇ ಇಲ್ಲಿನ ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಕೈಗೆ ಸಿಗುವ ದಾರಿಗಳನ್ನೇ ಹೋಲಿಸಿದ್ದೇನೆ. ಬಹುತೇಕ ಎಲ್ಲವೂ ಪುಕ್ಕಟೆ.

ಯಾವ ಪುಸ್ತಕವನ್ನಾದರೂ, ಯಾವ ಮೇಷ್ಟ್ರನ್ನಾದರೂ ಅಳೆಯೋಕೆ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಬ್ಯಾಂಕು ಸಾಲ ಕೊಡುವಾಗ ಆ ದುಡ್ಡು ಎಲ್ಲಿಂದ ಬರುತ್ತದೆ?

"ಬೇರೆಯವರು ಇಟ್ಟ ಠೇವಣಿಯನ್ನು ಎತ್ತಿ ಕೊಡುತ್ತಾರೆ" ಅಂದರೆ ಅದು ಅರ್ಧ ಉತ್ತರ. "100 ರೂಪಾಯಿ ಠೇವಣಿಯಲ್ಲಿ 10 ಮೀಸಲಿಟ್ಟು 90 ಸಾಲ ಕೊಡುತ್ತಾರೆ, ಆ 90 ಇನ್ನೊಂದು ಬ್ಯಾಂಕಿಗೆ ಹೋಗಿ ಅಲ್ಲಿ 81 ಸಾಲ ಆಗುತ್ತದೆ" ಅಂದರೆ ಅದು ಪಠ್ಯಪುಸ್ತಕದ ಉತ್ತರ, ಪರೀಕ್ಷೆಗೆ ಸಾಕು. ನಿಜವಾಗಿ ಆಗೋದು ಹೀಗೆ: 5 ಲಕ್ಷ ಸಾಲ ಮಂಜೂರಾದ ಗಳಿಗೆಯಲ್ಲಿ ಬ್ಯಾಂಕು ತನ್ನ ಲೆಕ್ಕದಲ್ಲಿ ಎರಡು ಕಡೆ ಬರೆಯುತ್ತದೆ. ಆಸ್ತಿ ಕಡೆ ನಿಮ್ಮ ಸಾಲ 5 ಲಕ್ಷ, ಹೊಣೆ ಕಡೆ ನಿಮ್ಮ ಖಾತೆಗೆ ಜಮಾ 5 ಲಕ್ಷ. ಯಾರ ಠೇವಣಿಯೂ ಕಡಿಮೆ ಆಗಲಿಲ್ಲ, ಹೊಸ ಠೇವಣಿ ಹುಟ್ಟಿತು. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನೇ ಬಿಡಿಸಿ ಬರೆಯಿತು. ಹಾಗಂತ ಬ್ಯಾಂಕಿಗೆ ಲಂಗುಲಗಾಮು ಇಲ್ಲ ಅಂತ ಅಲ್ಲ. ನೀವು ಆ ದುಡ್ಡನ್ನು ಟ್ರ್ಯಾಕ್ಟರ್ ಡೀಲರಿಗೆ ಕಳಿಸಿದಿರಿ, ಅವರ ಖಾತೆ ಬೇರೆ ಬ್ಯಾಂಕಿನಲ್ಲಿದೆ ಅಂದುಕೊಳ್ಳಿ. ಆಗ ನಿಮ್ಮ ಬ್ಯಾಂಕು ಆರ್‌ಬಿಐ ಹತ್ತಿರ ಇರುವ ತನ್ನ ನಿಜವಾದ ದುಡ್ಡನ್ನೇ ಆ ಬ್ಯಾಂಕಿಗೆ ದಾಟಿಸಬೇಕು. ಅದು ಕಡಿಮೆ ಬಿದ್ದರೆ ಎಲ್ಲಿಂದಲೋ ತರಬೇಕು, ತರೋಕೆ ಬಡ್ಡಿ ಕೊಡಬೇಕು. ಆರ್‌ಬಿಐ ಹಿಡಿತ ಇರೋದು ಆ ಬಡ್ಡಿಯ ಮೇಲೆ. ಬ್ಯಾಂಕುಗಳಿಗೆ ಅದು ತಾನೇ ಸಾಲ ಕೊಡುವ ಬಡ್ಡಿ ದರಕ್ಕೆ ರೆಪೊ ಅನ್ನುತ್ತಾರೆ. ಇಷ್ಟು ತಲೆಗೆ ಹೋದರೆ ಹಣಕಾಸು ನೀತಿ ಅರ್ಧ ಅರ್ಥ ಆದಂತೆ.

ಈ ಪ್ರಶ್ನೆಗೆ ಒಬ್ಬೊಬ್ಬರು ಎಷ್ಟರ ಮಟ್ಟಿಗೆ ಉತ್ತರ ಕೊಡುತ್ತಾರೆ ನೋಡೋಣ.

ಪಿಯುಸಿ ಪುಸ್ತಕ, ಕೋಚಿಂಗ್, ಮೊಬೈಲ್ ವಿಡಿಯೊ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಹಣ ಮತ್ತು ಬ್ಯಾಂಕಿಂಗ್ ಅಂತ ಒಂದು ಅಧ್ಯಾಯ ಇದೆ. ಎನ್‌ಸಿಇಆರ್‌ಟಿ ಪಾಠವೇ, ಕನ್ನಡದಲ್ಲೂ ಸಿಗುತ್ತದೆ. ಪಕ್ಕದ ಮನೆ ಮಗುವಿನ ಹತ್ತಿರ ಒಂದು ಭಾನುವಾರಕ್ಕೆ ಇಸ್ಕೊಂಡರೆ ಸಾಕು. ಮೀಸಲು, ಠೇವಣಿ, ಕೇಂದ್ರ ಬ್ಯಾಂಕು ಅಂದರೇನು ಅನ್ನೋ ಅಡಿಪಾಯಕ್ಕೆ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಚಿಕ್ಕದ್ದು ಇಲ್ಲ. ಕೊರತೆ ಎರಡು. ಓದಿ ಮುಗಿಸಿದಾಗ ಆರ್‌ಬಿಐ ಸಿಆರ್‌ಆರ್ ಅನ್ನು, ಅಂದರೆ ಬ್ಯಾಂಕುಗಳು ಠೇವಣಿಯಲ್ಲಿ ತನ್ನ ಹತ್ತಿರ ಇಡಲೇಬೇಕಾದ ಪಾಲನ್ನು, ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ದುಡ್ಡಿನ ಪ್ರಮಾಣ ನಿಯಂತ್ರಿಸುತ್ತದೆ ಅನ್ನೋ ಚಿತ್ರ ಮನಸ್ಸಲ್ಲಿ ಉಳಿಯುತ್ತದೆ, ಈಗ ಕೆಲಸ ನಡೆಯೋದು ಮುಖ್ಯವಾಗಿ ಬಡ್ಡಿ ದರದ ಮೂಲಕ. ಬಿಕ್ಕಟ್ಟಿನ ವಿಷಯಕ್ಕಂತೂ ಆ ಪಾಠ ಸಾಲೋದಿಲ್ಲ.

ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ತುಮಕೂರಿನಲ್ಲಿ ಬೇಕಾದಷ್ಟಿವೆ. ರೆಪೊ ಎಷ್ಟು, ರಿವರ್ಸ್ ರೆಪೊ ಎಷ್ಟು, ಯಾವ ಸಮಿತಿ ಯಾವ ವರ್ಷ ಅಂತ ಬಾಯಿಪಾಠ ಮಾಡಿಸುತ್ತಾರೆ, ಅದಕ್ಕೇ ಅವರಿಗೆ ದುಡ್ಡು ಕೊಡೋದು. "ಯಾಕೆ" ಅಂತ ಕೇಳಿದರೆ ಸಿಲೆಬಸ್‌ನಲ್ಲಿಲ್ಲ ಅನ್ನುತ್ತಾರೆ. ಕೆಲಸ ಸಿಗಬೇಕಾದವರು ಹೋಗಿ, ವಿಷಯ ತಿಳಿಯಬೇಕಾದವರು ಬೇಡ.

ಒಂದು ನಿಮಿಷದ ವಿಡಿಯೊಗಳಲ್ಲಿ ಒಳ್ಳೆಯವೂ ಇವೆ. ಆದರೆ "ಡಾಲರ್ ಕುಸಿದು ಬೀಳುತ್ತದೆ, ಚಿನ್ನ ತಗೊಳ್ಳಿ" ಅಂತ ಕೂಗುವವರ ಮಧ್ಯೆ ಹುಡುಕಬೇಕು. ಮುಂದಿನ ಬಿಕ್ಕಟ್ಟಿನ ತಾರೀಕು ಹೇಳುವವರ ವಿಡಿಯೊವನ್ನು ಅಲ್ಲೇ ನಿಲ್ಲಿಸಿ. ದುಡ್ಡು ಕೊಟ್ಟು ಸೇರುವ ಗ್ರೂಪುಗಳಲ್ಲಿ ಕೊನೆಗೆ ಹೇಳಿಕೊಡೋದು ಷೇರು ಟ್ರೇಡಿಂಗ್, ಬ್ಯಾಂಕಿಂಗ್ ಅಲ್ಲ.

ಸೊಸೈಟಿಯ ವಾರ್ಷಿಕ ವರದಿ

ಇದನ್ನು ಯಾರೂ ಪಟ್ಟಿಗೆ ಸೇರಿಸೋದಿಲ್ಲ. ನನ್ನ ಕೇಳಿದರೆ ಬ್ಯಾಂಕಿಂಗ್ ಕಲಿಯೋಕೆ ಮೊದಲ ಪುಸ್ತಕ ಇದೇ.

ನಮ್ಮ ಕಡೆ ಒಂದಲ್ಲ ಒಂದು ಪತ್ತಿನ ಸಹಕಾರ ಸಂಘದಲ್ಲೋ ಸೌಹಾರ್ದದಲ್ಲೋ ಷೇರು ಇಲ್ಲದ ಮನೆ ಕಡಿಮೆ. ಸೆಪ್ಟೆಂಬರ್ ಸುಮಾರಿಗೆ ಮಹಾಸಭೆಯ ನೋಟಿಸ್ ಜೊತೆ ಒಂದು ಪುಸ್ತಕ ಬರುತ್ತದೆ. ಮೊದಲ ಪುಟದಲ್ಲಿ ಅಧ್ಯಕ್ಷರ ಫೋಟೊ, ಆಮೇಲೆ ಸಾಲಾಗಿ ನಿರ್ದೇಶಕರ ಫೋಟೊ. ಜನ ಡಿವಿಡೆಂಡ್ ಎಷ್ಟು ಪರ್ಸೆಂಟ್ ಅಂತ ನೋಡಿ, ಊಟ ಇದೆಯಾ ಅಂತ ವಿಚಾರಿಸಿ, ಪುಸ್ತಕವನ್ನು ಟಿವಿ ಮೇಲೆ ಹಾಕುತ್ತಾರೆ. ಅದರ ನಡುವಿನ ಪುಟಗಳಲ್ಲಿ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್ ಇರುತ್ತದೆ. ಒಂದು ಕಡೆ ಷೇರು ಬಂಡವಾಳ, ಆಪದ್ಧನ ನಿಧಿ, ಸದಸ್ಯರ ಠೇವಣಿ, ಬೇರೆ ಕಡೆಯಿಂದ ತಂದ ಸಾಲ. ಇನ್ನೊಂದು ಕಡೆ ಕೈಯಲ್ಲಿರುವ ನಗದು, ಬ್ಯಾಂಕಿನಲ್ಲಿ ಇಟ್ಟ ಹಣ, ಸದಸ್ಯರಿಗೆ ಕೊಟ್ಟ ಸಾಲ, ಕಟ್ಟಡ, ಪೀಠೋಪಕರಣ. ಎರಡೂ ಕಡೆ ಮೊತ್ತ ಒಂದೇ.

ಲೆಕ್ಕಕ್ಕೆ ಅಂತ ಒಂದು ಸಂಘ ಇಟ್ಟುಕೊಳ್ಳೋಣ. ಠೇವಣಿ 40 ಕೋಟಿ, ಷೇರು ಮತ್ತು ನಿಧಿ ಸೇರಿ ಸ್ವಂತದ್ದು 4 ಕೋಟಿ. ಆ ಕಡೆ ಸಾಲ 36 ಕೋಟಿ, ನಗದು ಮತ್ತು ಬ್ಯಾಂಕಿನಲ್ಲಿರೋದು 8 ಕೋಟಿ. ಈಗ ಪೆನ್ಸಿಲ್ ತಗೊಂಡು ಎರಡು ಸಲ ಮುಳುಗಿಸಿ ನೋಡಿ. ಮೊದಲನೆಯದು: 36 ಕೋಟಿ ಸಾಲದಲ್ಲಿ 4 ಕೋಟಿ ವಾಪಸ್ ಬರೋದೇ ಇಲ್ಲ ಅಂದುಕೊಳ್ಳಿ. ಒಂಬತ್ತರಲ್ಲಿ ಒಂದು ಭಾಗ ಮಾತ್ರ, ಆದರೆ ಸ್ವಂತದ 4 ಕೋಟಿ ಅಲ್ಲಿಗೆ ಮುಗಿಯಿತು. ಅದರ ಮೇಲೆ ಒಂದು ರೂಪಾಯಿ ಹೋದರೂ ಠೇವಣಿದಾರರದ್ದು ಹೋಯಿತು. ಎರಡನೆಯದು: ಸಾಲವೆಲ್ಲ ಗಟ್ಟಿಯಾಗಿದೆ, ಒಬ್ಬರೂ ಸುಸ್ತಿದಾರರಲ್ಲ, ಆದರೆ ಏನೋ ಸುದ್ದಿ ಹಬ್ಬಿ ಠೇವಣಿದಾರರಲ್ಲಿ ಐದರಲ್ಲಿ ಒಂದು ಭಾಗ ಒಂದೇ ವಾರದಲ್ಲಿ ಬಂದು ದುಡ್ಡು ಕೇಳಿದರು. 8 ಕೋಟಿ ಖಾಲಿ. ಕೊಟ್ಟ ಸಾಲವನ್ನು ಮೂರು ವರ್ಷ ಮುಂಚೆ ವಾಪಸ್ ಕೇಳೋಕೆ ಆಗಲ್ಲ. ಒಂದು ತಪ್ಪೂ ಮಾಡದ ಸಂಘ ಬಾಗಿಲು ಹಾಕಿತು, ಅದನ್ನು ನೋಡಿ ಪಕ್ಕದ ಸಂಘದ ಮುಂದೆ ಕ್ಯೂ ನಿಂತಿತು.

ಈ ಎರಡು ಬೇರೆ ಬೇರೆ ಕಾಯಿಲೆ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರುಗಳಿಗೆ ಇದನ್ನು ಬಿಡಿಸಿ ಹೇಳೋದೇ ಬೇಕಿಲ್ಲ: ಮನೆಯಲ್ಲಿ ನೂಲು ರಾಶಿ ಬಿದ್ದಿರುತ್ತದೆ, ಲೆಕ್ಕ ಹಾಕಿದರೆ ಲಾಭದಲ್ಲೇ ಇರುತ್ತಾರೆ, ಆದರೆ ಗೂಡು ಕೊಂಡ ದಿನ ಮಾರುಕಟ್ಟೆಯಲ್ಲಿ ಕಟ್ಟೋಕೆ ಕೈಯಲ್ಲಿ ದುಡ್ಡಿಲ್ಲ. ಅವರಿಗೆ ಅವತ್ತು ಬೇಕಾದ್ದು ಕೈಸಾಲ. ನೂಲೇ ಸುಟ್ಟುಹೋದವನಿಗೆ ಕೈಸಾಲ ಕೊಟ್ಟು ಪ್ರಯೋಜನ ಇಲ್ಲ. ಕೇಂದ್ರ ಬ್ಯಾಂಕುಗಳು ಬಿಕ್ಕಟ್ಟಿನ ಹೊತ್ತಲ್ಲಿ ತಲೆ ಕೆಡಿಸಿಕೊಳ್ಳೋದು ಈ ಎರಡರಲ್ಲಿ ಎದುರಿಗೆ ಬಂದು ನಿಂತವನು ಯಾರು ಅಂತಲೇ. ಭಯ ಒಂದೇ ಸಾಕು ಗಟ್ಟಿ ಬ್ಯಾಂಕನ್ನೂ ಮುಳುಗಿಸೋಕೆ ಅನ್ನೋದನ್ನು ಅರ್ಥಶಾಸ್ತ್ರಜ್ಞರಾದ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಗಣಿತದಲ್ಲಿ ತೋರಿಸಿದರು, 2022ರಲ್ಲಿ ಬೆನ್ ಬರ್ನಾಂಕೆ ಜೊತೆ ನೊಬೆಲ್ ಹಂಚಿಕೊಂಡರು. ಅವರ ಲೇಖನ ಓದೋಕೆ ಕಷ್ಟ. ಅಢಾವೆ ಪತ್ರಿಕೆ ಮುಂದೆ ಇಟ್ಟುಕೊಂಡರೆ ಅದರ ತಿರುಳು ಅರ್ಧ ಗಂಟೆಯಲ್ಲಿ ಸಿಗುತ್ತದೆ.

ವರದಿಯಲ್ಲಿ ನೋಡಬೇಕಾದ ಇನ್ನೊಂದು ಸಾಲು ಸುಸ್ತಿ ಸಾಲ. ಅದು ತೀರಾ ಕಡಿಮೆ ಇದ್ದರೂ ಮಹಾಸಭೆಯಲ್ಲಿ ಎದ್ದು ಒಂದು ಪ್ರಶ್ನೆ ಕೇಳಿ: ಇದರಲ್ಲಿ ಬುಕ್ ಅಡ್ಜಸ್ಟ್‌ಮೆಂಟ್ ಎಷ್ಟು? ಅಂದರೆ ಹಳೆ ಸಾಲ ತೀರಿಸೋಕೆ ಹೊಸ ಸಾಲ ಕೊಟ್ಟು ಪುಸ್ತಕದಲ್ಲಿ ಮಾತ್ರ ವಸೂಲಿ ತೋರಿಸೋದು. ದೊಡ್ಡ ಬ್ಯಾಂಕುಗಳಲ್ಲೂ ಇದೇ ಆಟ ನಡೆದಿದೆ, ಹೆಸರು ಮಾತ್ರ ಬೇರೆ. ಉತ್ತರಕ್ಕಿಂತ ವೇದಿಕೆ ಮೇಲಿನವರ ಮುಖ ನೋಡಿದರೆ ಜಾಸ್ತಿ ತಿಳಿಯುತ್ತದೆ.

ಇಲ್ಲಿ ಒಂದು ವಿಷಯ ಮಾತ್ರ ಸುಮ್ನೆ ಓದಿ ಬಿಡಬೇಡಿ. ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ ಅನ್ನೋ ಠೇವಣಿ ವಿಮಾ ನಿಗಮದ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲಾ ಶಾಖೆ ಸೇರಿ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಡಿಸಿಸಿ (ಜಿಲ್ಲಾ ಸಹಕಾರ) ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಬೋರ್ಡ್ ನೋಡಿದರೆ ಬ್ಯಾಂಕಿನ ಹಾಗೇ ಕಾಣುತ್ತದೆ, ಒಳಗೆ ಕೌಂಟರ್, ಪಾಸ್‌ಬುಕ್ ಎಲ್ಲ ಇರುತ್ತದೆ. ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಹುಡುಕಿ ನೋಡಿ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆ ಅಂತ ಎಲ್ಲಿಟ್ಟಿದ್ದೀರಿ ಅಂತ ಆಗ ಗೊತ್ತಾಗುತ್ತದೆ.

ವಾರ್ಷಿಕ ವರದಿಯ ಮಿತಿ ಏನು ಅಂದರೆ, ಅದರಲ್ಲಿ ಆರ್‌ಬಿಐ ಕಾಣೋದೇ ಇಲ್ಲ. ಹಣಕಾಸು ನೀತಿಗೆ ಬೇರೆ ಕಡೆ ಹೋಗಬೇಕು. ನಿವೃತ್ತ ಬ್ಯಾಂಕ್ ಮ್ಯಾನೇಜರುಗಳ ಜೊತೆ ಮಾತಾಡಿದರೂ ಹೀಗೇ. ಸಾಲ ಯಾಕೆ ಕೆಡುತ್ತದೆ ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳಲ್ಲ, ರೆಪೊ ವಿಷಯಕ್ಕೆ ಬಂದರೆ "ಮೇಲಿಂದ ಸರ್ಕ್ಯುಲರ್ ಬರ್ತಿತ್ತು" ಅಂತ ನಗುತ್ತಾರೆ. ಆದರೂ ಒಂದು ಸಂಜೆ ಕೂತು ಕೇಳಿ, ಅದರಲ್ಲೂ ಮೈಸೂರು ಬ್ಯಾಂಕಿನವರು ಸಿಕ್ಕರೆ ಬಿಡಬೇಡಿ. 1913ರಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ಬ್ಯಾಂಕು, 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಸೇರಿಹೋಯಿತು. ವಿಲೀನದ ಬಗ್ಗೆ ಅವರದ್ದೇ ಅಭಿಪ್ರಾಯಗಳಿವೆ, ಎಲ್ಲವೂ ಬರೆಯುವಂಥವಲ್ಲ.

ಹಣಕಾಸು ನೀತಿ: ಆರ್‌ಬಿಐಯನ್ನೇ ಓದಿ

ಇಲ್ಲಿ ಆಯ್ಕೆ ಇರೋದು ಮೂರು: ಟಿವಿ ಚರ್ಚೆ, ಪತ್ರಿಕೆಯ ವಾಣಿಜ್ಯ ಪುಟ, ಆರ್‌ಬಿಐ ಕಾಗದ. ಟಿವಿ ಬಿಟ್ಟುಬಿಡಿ. ಪತ್ರಿಕೆ ದಿನದ ಸುದ್ದಿಗೆ ಒಳ್ಳೆಯದು, ಆದರೆ ಮರುದಿನ ವಿಷಯ ಬದಲಾಗಿಬಿಡುತ್ತದೆ. ಕಲಿಯೋಕೆ ಅಂದರೆ ಆರ್‌ಬಿಐ ಕಾಗದಗಳೇ. ಅದರಲ್ಲೂ ಗವರ್ನರ್ ಭಾಷಣಕ್ಕಿಂತ ಸಭೆಯ ನಡಾವಳಿ ಎಷ್ಟೋ ಮೇಲು.

ಹಿನ್ನೆಲೆ ಇಷ್ಟೇ. 2016ರಿಂದ ರೆಪೊ ದರವನ್ನು ಗವರ್ನರ್ ಒಬ್ಬರೇ ನಿರ್ಧರಿಸೋದಿಲ್ಲ. ಆರು ಜನರ ಹಣಕಾಸು ನೀತಿ ಸಮಿತಿ ಇದೆ, ಮೂವರು ಆರ್‌ಬಿಐ ಕಡೆಯವರು, ಮೂವರು ಹೊರಗಿನವರು. ಹಣದುಬ್ಬರ 4 ಪರ್ಸೆಂಟಿನ ಸುಮಾರಿಗೆ ಇರಬೇಕು, 2ಕ್ಕಿಂತ ಕೆಳಗೆ ಹೋಗಬಾರದು, 6 ದಾಟಬಾರದು ಅನ್ನೋದು ಅವರಿಗೆ ಕೊಟ್ಟ ಕೆಲಸ. ಎರಡು ತಿಂಗಳಿಗೊಮ್ಮೆ ಕೂರುತ್ತಾರೆ. ಸಭೆಯಾದ ಹದಿನಾಲ್ಕನೇ ದಿನ ನಡಾವಳಿ ಬರುತ್ತದೆ, ಅದರಲ್ಲಿ ಆರೂ ಜನ ಯಾರು ಯಾವ ಕಡೆ ವೋಟು ಹಾಕಿದರು, ಯಾಕೆ ಹಾಕಿದರು ಅಂತ ಹೆಸರು ಸಮೇತ ಬರೆದಿರುತ್ತಾರೆ. 2024ರ ಜೂನ್ ಮತ್ತು ಆಗಸ್ಟ್ ಸಭೆಯ ನಡಾವಳಿಗಳನ್ನು ಇಳಿಸಿಕೊಳ್ಳಿ. ನಾಲ್ವರು ರೆಪೊ 6.5ರಲ್ಲೇ ಇರಲಿ ಅಂದರು. ಹೊರಗಿನ ಸದಸ್ಯರಾದ ಆಶಿಮಾ ಗೋಯಲ್ ಮತ್ತು ಜಯಂತ್ ವರ್ಮಾ ಕಾಲು ಪರ್ಸೆಂಟ್ ಇಳಿಸಿ ಅಂದರು. ಅದೇ ಅಂಕಿ ಅಂಶ, ಅದೇ ಕೋಣೆ, ಎರಡು ಅಭಿಪ್ರಾಯ. ದರ ಇಳಿಸೋಕೆ ಶುರು ಮಾಡಿದ್ದು 2025ರ ಫೆಬ್ರವರಿಯಲ್ಲಿ. ಎರಡೂ ಕಡೆಯವರ ವಾದವನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ಸೆಮಿಸ್ಟರಿನ ಪಾಠಕ್ಕಿಂತ ಜಾಸ್ತಿ ಸಿಗುತ್ತದೆ. ಇಂಗ್ಲಿಷಿನಲ್ಲಿದೆ, ನಿಧಾನ ಆಗುತ್ತದೆ, ಪರವಾಗಿಲ್ಲ.

ಬಡ್ಡಿ ದರದಿಂದ ಏನು ಆಗುತ್ತದೆ, ಏನು ಆಗಲ್ಲ ಅಂತ ತಿಳಿಯೋಕೆ ಕೋಲಾರದವರಿಗೆ ಎಪಿಎಂಸಿ ಸಾಕು. 2023ರ ಜುಲೈ ನೆನಪಿದೆಯಲ್ವಾ? 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು. ಆ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ 7.44 ಪರ್ಸೆಂಟ್, ಅಂದರೆ 6ರ ಗೆರೆ ದಾಟಿತ್ತು. ಆಗಸ್ಟ್ ಸಭೆ ನಡೆದಾಗ ತರಕಾರಿ ಬೆಲೆ ಏರಿದ್ದು ಎಲ್ಲರಿಗೂ ಗೊತ್ತಿತ್ತು, ಆದರೂ ಸಮಿತಿ ಒಮ್ಮತದಿಂದ ರೆಪೊ 6.5ರಲ್ಲೇ ಬಿಟ್ಟಿತು. ಯಾಕೆ? ರೆಪೊ ಏರಿಸಿದರೆ ಸಾಲ ದುಬಾರಿ ಆಗುತ್ತದೆ, ಜನ ಕೊಳ್ಳೋದು ತಗ್ಗುತ್ತದೆ, ಆದರೆ ಗಿಡದಲ್ಲಿ ಕಾಯಿ ಬೇಗ ಹಣ್ಣಾಗೋದಿಲ್ಲ. ಹೊಸ ಬೆಳೆ ಬಂದರೆ ಬೆಲೆ ತಾನೇ ಇಳಿಯುತ್ತದೆ. ಇಳಿಯಿತು ಕೂಡ, ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ 5.02ಕ್ಕೆ ಬಂತು, ಬೆಳೆದವರು ಕೂಲಿ ಕೂಡ ಹುಟ್ಟಲಿಲ್ಲ ಅಂತ ಅತ್ತರು. ಆದರೆ ತರಕಾರಿ ಬೆಲೆ ಏರಿದ್ದನ್ನು ನೋಡಿ ಸಂಬಳ, ಬಾಡಿಗೆ, ಹೋಟೆಲ್ ತಿಂಡಿ ಎಲ್ಲವೂ ಏರಿ ಅಲ್ಲೇ ನಿಂತುಬಿಟ್ಟರೆ? ಆಗ ಸಮಿತಿ ಸುಮ್ಮನೆ ಕೂರೋಕಾಗಲ್ಲ. ನಡಾವಳಿಯಲ್ಲಿ ಅವರು ಜಗಳ ಆಡೋದು ಇದರ ಬಗ್ಗೆಯೇ.

ಇನ್ನು ರೆಪೊ ನಿಮ್ಮ ಜೇಬಿಗೆ ಹೇಗೆ ಬರುತ್ತದೆ ಅಂತ ನೋಡಬೇಕಾದರೆ ಮನೆ ಸಾಲದ ಮಂಜೂರಾತಿ ಪತ್ರ ತೆಗೆಯಿರಿ. 2019ರ ಅಕ್ಟೋಬರ್ ನಂತರ ಬ್ಯಾಂಕಿನಿಂದ ಬದಲಾಗುವ ಬಡ್ಡಿಗೆ ತೆಗೆದ ಮನೆ ಸಾಲ ಆದರೆ, ಬಡ್ಡಿ ಹೊರಗಿನ ಒಂದು ದರಕ್ಕೆ ಗಂಟು ಹಾಕಿರುತ್ತದೆ, ಸಾಮಾನ್ಯವಾಗಿ ರೆಪೊ, ಅದರ ಮೇಲೆ ಇಷ್ಟು ಅಂತ. ಮೂರು ತಿಂಗಳಿಗೊಮ್ಮೆಯಾದರೂ ಅದು ಬದಲಾಗಬೇಕು. ಅದಕ್ಕೂ ಹಳೆಯ ಸಾಲ, ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲ ಆದರೆ ರೆಪೊ ಇಳಿದರೂ ನಿಮ್ಮದು ನಿಧಾನಕ್ಕೆ ಇಳಿಯುತ್ತದೆ, ಕೆಲವು ಸಲ ಕೇಳಿದರೆ ಮಾತ್ರ. ಸೊಸೈಟಿ ಸಾಲಕ್ಕಂತೂ ರೆಪೊ ಗಾಳಿಯೂ ತಾಕಲ್ಲ. ನೀತಿ ಒಂದೇ, ಒಬ್ಬೊಬ್ಬರ ಮನೆಗೆ ಒಂದೊಂದು ವೇಗದಲ್ಲಿ ಬರುತ್ತದೆ.

ಆರ್‌ಬಿಐ ಕನ್ನಡದಲ್ಲಿ ತಂದಿರುವ ಹಣಕಾಸು ಸಾಕ್ಷರತೆ ಪುಸ್ತಿಕೆಗಳೂ ಇವೆ. ಮೋಸ ಹೋಗದಿರೋಕೆ, ದೂರು ಕೊಡೋಕೆ ಉಪಯೋಗ. ನೀತಿ ಕಲಿಯೋಕೆ ಅಲ್ಲ.

ಬಿಕ್ಕಟ್ಟು: 2008ರಿಂದ ಶುರು ಮಾಡಬೇಡಿ

ಎಲ್ಲರೂ 2008ರಿಂದಲೇ ಶುರು ಮಾಡುತ್ತಾರೆ. ಲೀಮನ್ ಬ್ರದರ್ಸ್, ಸಬ್‌ಪ್ರೈಮ್, ಅಮೆರಿಕದ ಮನೆ ಸಾಲದ ಗಂಟುಗಳು, ಆ ಗಂಟಿನ ಮೇಲೆ ಇನ್ನೊಂದು ಗಂಟು. ಮೊದಲ ಬಿಕ್ಕಟ್ಟಾಗಿ ಅದು ತುಂಬಾ ಸಿಕ್ಕು. ನಾನು ಹೇಳೋದು 2023ರ ಮಾರ್ಚಿನಲ್ಲಿ ಮುಳುಗಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಶುರು ಮಾಡಿ ಅಂತ. ಬ್ಯಾಂಕು, ಬಡ್ಡಿ ನೀತಿ, ಭಯ, ಮೂರೂ ಒಂದೇ ಕಥೆಯಲ್ಲಿವೆ. ಬಡ್ಡಿ ಸೊನ್ನೆ ಹತ್ತಿರ ಇದ್ದಾಗ ಆ ಬ್ಯಾಂಕು ಠೇವಣಿಯ ದುಡ್ಡನ್ನು ದೀರ್ಘಾವಧಿ ಬಾಂಡುಗಳಲ್ಲಿ ಹಾಕಿತ್ತು. 2022ರ ಮಾರ್ಚಿನಿಂದ ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ (ಫೆಡ್) ಬಡ್ಡಿ ಏರಿಸುತ್ತಾ ಹೋಯಿತು. ಹೊಸ ಬಾಂಡು ಜಾಸ್ತಿ ಬಡ್ಡಿ ಕೊಡುವಾಗ ಹಳೆಯ ಕಡಿಮೆ ಬಡ್ಡಿಯದ್ದನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ? ಮಾರ್ಚ್ 8ಕ್ಕೆ ಬ್ಯಾಂಕು ಬಾಂಡು ಮಾರಿ 180 ಕೋಟಿ ಡಾಲರ್ ನಷ್ಟ ಅಂತ ಹೇಳಿತು. 9ನೇ ತಾರೀಕು ಒಂದೇ ದಿನ 4,200 ಕೋಟಿ ಡಾಲರ್ ವಾಪಸ್ ತೆಗೆದರು, ಹೆಚ್ಚಿನವರು ಆನ್‌ಲೈನಿನಲ್ಲೇ. 10ಕ್ಕೆ ಮುಚ್ಚಿದರು. ಕೆಟ್ಟುಹೋದ ಸಾಲ ಇಲ್ಲ, ಕಳ್ಳತನ ಇಲ್ಲ, ಗಟ್ಟಿ ಅನ್ನಿಸಿಕೊಂಡ ಬಾಂಡುಗಳನ್ನೇ ಇಟ್ಟುಕೊಂಡು ಮುಳುಗಿದ್ದು. ಬೆಂಗಳೂರಿನ ಎಷ್ಟೋ ಸ್ಟಾರ್ಟಪ್‌ಗಳ ದುಡ್ಡೂ ಅಲ್ಲಿತ್ತು, ಹಾಗಾಗಿ ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರೂ ಆ ವಾರಾಂತ್ಯ ಫೋನ್ ಹಿಡಿದು ಕೂತಿದ್ದರು. ಫೆಡ್ ಅದೇ ಏಪ್ರಿಲ್‌ನಲ್ಲಿ ತನಿಖೆಯ ವರದಿ ಹಾಕಿತು, ತನ್ನ ಮೇಲ್ವಿಚಾರಕರ ತಪ್ಪನ್ನೂ ಒಪ್ಪಿಕೊಂಡಿತು. ಪುಕ್ಕಟೆ ಸಿಗುತ್ತದೆ.

ಆಮೇಲೆ 2008. ಅದಕ್ಕೆ ನಾಲ್ಕು ದಾರಿ.

ಬರ್ನಾಂಕೆ 2012ರ ಮಾರ್ಚಿನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ನಾಲ್ಕು ಉಪನ್ಯಾಸ, ಫೆಡ್ ವೆಬ್‌ಸೈಟಿನಲ್ಲಿದೆ. ತಿಳಿ ಇಂಗ್ಲಿಷು, 1930ರ ದಶಕದ ಮಹಾ ಕುಸಿತದಿಂದ ಹಿಡಿದು ಹೇಳುತ್ತಾರೆ. ಆದರೆ ಅವರೇ ಆಗ ಫೆಡ್ ಮುಖ್ಯಸ್ಥರು, ತಮ್ಮ ನಿರ್ಧಾರಗಳನ್ನು ತಾವೇ ವಿವರಿಸುತ್ತಿದ್ದಾರೆ ಅನ್ನೋದು ತಲೆಯಲ್ಲಿರಲಿ.

ಅರ್ಥಶಾಸ್ತ್ರಜ್ಞ ಪೆರಿ ಮೆಹ್ರ್ಲಿಂಗ್ ಅವರ ಹಣ ಮತ್ತು ಬ್ಯಾಂಕಿಂಗ್ ಕೋರ್ಸು, ಕೋರ್ಸೆರಾ ಅನ್ನೋ ಆನ್‌ಲೈನ್ ಕಲಿಕಾ ತಾಣದಲ್ಲಿದೆ. ಸಾಲದ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋ ನನ್ನ ಪ್ರಶ್ನೆಗೆ ಅತ್ಯಂತ ಸರಿಯಾದ ಉತ್ತರ ಸಿಗೋದು ಇಲ್ಲೇ. ಪ್ರತಿಯೊಂದನ್ನೂ ಅಢಾವೆ ಪತ್ರಿಕೆ ಬರೆದು ತೋರಿಸುತ್ತಾರೆ, ಎರಡು ಬ್ಯಾಂಕಿನ ಮಧ್ಯೆ ದುಡ್ಡು ದಾಟುವಾಗ ಯಾರ ಪುಸ್ತಕದಲ್ಲಿ ಏನು ಬದಲಾಯಿತು ಅಂತ. ಕಷ್ಟ ಇದೆ, ಎಲ್ಲವೂ ಅಮೆರಿಕದ ಮಾರುಕಟ್ಟೆ. ಸೊಸೈಟಿ ವರದಿ ಓದದೆ ಇದಕ್ಕೆ ಹೋದವರು ಮೊದಲ ವಾರದಲ್ಲೇ ಬಿಡುತ್ತಾರೆ.

ಅಮೆರಿಕ ಸಂಸತ್ತು ನೇಮಿಸಿದ ವಿಚಾರಣಾ ಆಯೋಗದ ವರದಿ, 2011ರದ್ದು. ಬಿಕ್ಕಟ್ಟಿನ "ಕಾರಣ" ಅನ್ನೋದು ಎಷ್ಟು ಜಾರುವ ವಿಷಯ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಹತ್ತು ಜನ ಸದಸ್ಯರು, ಅದೇ ಸಾಕ್ಷಿಗಳು. ಆರು ಜನ ಹೇಳಿದರು: ಇದು ತಪ್ಪಿಸಬಹುದಾಗಿದ್ದ ಅನಾಹುತ, ನಿಯಂತ್ರಕರು ಮಲಗಿದ್ದರು, ಕಂಪನಿಗಳು ಮಿತಿ ಮೀರಿದವು. ಮೂವರು ಬೇರೆ ಬರೆದರು: ಬರೀ ಅಮೆರಿಕದ ನಿಯಂತ್ರಣ ಅಂದರೆ ಯುರೋಪಿನಲ್ಲೂ ಯಾಕಾಯಿತು, ಲೋಕವೆಲ್ಲ ಅಗ್ಗದ ಸಾಲ ಹರಿದಿತ್ತು ಅಂತ. ಉಳಿದ ಒಬ್ಬರು ಅವರ ಜೊತೆಯೂ ಸೇರದೆ ಸರ್ಕಾರದ ವಸತಿ ನೀತಿಯೇ ಮೂಲ ಅಂದರು. ಮೂರನ್ನೂ ಓದಿ, ಯಾರ ಕಡೆ ವಾಲುತ್ತೀರಿ ನೋಡಿ. ನಾನು ಮೊದಲಿನವರ ಕಡೆ, ಆದರೆ ಎರಡನೆಯವರ ಪ್ರಶ್ನೆ ಸುಲಭಕ್ಕೆ ಬಿಡೋದಿಲ್ಲ.

ಹಳೆಯ ಪುಸ್ತಕ ಇಷ್ಟಪಡುವವರಿಗೆ ವಾಲ್ಟರ್ ಬ್ಯಾಜೆಟ್ 1873ರಲ್ಲಿ ಲಂಡನ್ನಿನ ಹಣದ ಪೇಟೆ ಬಗ್ಗೆ ಬರೆದದ್ದು ಇದೆ. ಭಯ ಹುಟ್ಟಿದಾಗ ಕೇಂದ್ರ ಬ್ಯಾಂಕು ಕೈ ಬಿಚ್ಚಿ ಸಾಲ ಕೊಡಬೇಕು, ಗಟ್ಟಿ ಅಡಮಾನಕ್ಕೆ ಮಾತ್ರ ಕೊಡಬೇಕು, ಬಡ್ಡಿ ಜಾಸ್ತಿ ಹಾಕಬೇಕು. ಇವತ್ತಿಗೂ ಕೇಂದ್ರ ಬ್ಯಾಂಕಿನವರು ಇದನ್ನೇ ಜಪಿಸುತ್ತಾರೆ, ಬಡ್ಡಿಯ ಭಾಗ ಆಗಾಗ ಮರೆಯುತ್ತಾರೆ.

ಅಮೆರಿಕವೇ ಯಾಕೆ, ನಮ್ಮದು ಇಲ್ವಾ ಅಂತ ಕೇಳಬಹುದು. ಬೇಕಾದಷ್ಟಿದೆ. ಆರ್‌ಬಿಐ ತನ್ನ ಇತಿಹಾಸವನ್ನು ಸಂಪುಟಗಳಾಗಿ ವೆಬ್‌ಸೈಟಿನಲ್ಲಿ ಹಾಕಿದೆ. ದಪ್ಪ, ಒಣ ಬರವಣಿಗೆ, ಬೇಕಾದ ಅಧ್ಯಾಯ ಮಾತ್ರ ತೆಗೆಯಿರಿ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ್ದು ಓದಿದರೆ 1962ರಲ್ಲಿ 1,500 ರೂಪಾಯಿ ಮಿತಿಯೊಂದಿಗೆ ಠೇವಣಿ ವಿಮೆ ಯಾಕೆ ಬಂತು ಅಂತ ತಿಳಿಯುತ್ತದೆ. 1991 ಬೇರೆಯದೇ ಜಾತಿ. ಅಲ್ಲಿ ಮುಳುಗುತ್ತಿದ್ದದ್ದು ಬ್ಯಾಂಕಲ್ಲ, ದೇಶದ ಡಾಲರ್ ಖಜಾನೆ, ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಮಾತ್ರ ಉಳಿದಿತ್ತು. ಆರ್‌ಬಿಐ ಸುಮಾರು 47 ಟನ್ ಚಿನ್ನವನ್ನು ಹೊರಗೆ ಅಡ ಇಟ್ಟು 40 ಕೋಟಿ ಡಾಲರಿನಷ್ಟು ತಂದಿತು. ಕೆಜಿಎಫ್ ಕಡೆಯವರಿಗೆ ಈ ಭಾಗ ಓದುವಾಗ ಬೇರೆಯವರಿಗಿಲ್ಲದ ಆಸಕ್ತಿ ಹುಟ್ಟುತ್ತದೆ, ಅಲ್ಲಿ ಗಣಿ ಆಗಲೇ ಉಸಿರು ಬಿಡುತ್ತಿತ್ತು, 2001ರಲ್ಲಿ ಮುಚ್ಚಿತು.

ತೀರಾ ಹತ್ತಿರದ್ದು ಬೇಕಾದರೆ 2009ರ ಕೋಲಾರ. ಮೈಕ್ರೋಫೈನಾನ್ಸ್ ಕಂತು ಕಟ್ಟೋದು ಊರಿಗೆ ಊರೇ ನಿಂತಿತು, ಆಂಧ್ರದ 2010ರ ದೊಡ್ಡ ಬಿಕ್ಕಟ್ಟಿಗೆ ಒಂದು ವರ್ಷ ಮೊದಲೇ. ಒಂದೇ ಮನೆಗೆ ಹಲವು ಕಂಪನಿ ಸಾಲ, ಒಂದರ ಕಂತಿಗೆ ಇನ್ನೊಂದರ ದುಡ್ಡು. ಆಮೇಲೆ ಆರ್‌ಬಿಐ ಮಾಲೇಗಾಂ ಸಮಿತಿ ಮಾಡಿತು, 2011ರಲ್ಲಿ ಹೊಸ ನಿಯಮ ತಂದಿತು. 2025ರಲ್ಲಿ ಕರ್ನಾಟಕ ಸರ್ಕಾರ ಕಿರುಕುಳ ತಡೆಯೋಕೆ ಮತ್ತೆ ಸುಗ್ರೀವಾಜ್ಞೆ ತರಬೇಕಾಯಿತು. ಇದನ್ನು ಕಲಿಯೋಕೆ ಪುಸ್ತಕಕ್ಕಿಂತ ಸ್ತ್ರೀಶಕ್ತಿ ಸಂಘದ ಹಳೆಯ ಸದಸ್ಯೆಯರನ್ನು ಕೇಳೋದು ಮೇಲು. ಯಾವ ಅಕ್ಕ ಬೇಕಾದರೂ ಕಂತಿನ ಲೆಕ್ಕ ಬಾಯಲ್ಲೇ ಹೇಳುತ್ತಾರೆ.

ಎಂಎ ಮಾಡಲಾ ಅಂತ ಕೇಳುವವರೂ ಇದ್ದಾರೆ. ತುಮಕೂರು ವಿಶ್ವವಿದ್ಯಾಲಯ ಇದೆ, ಕೆಲಸ ಬಿಡೋಕಾಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಲೆಕ್ಚರರ್ ಆಗೋಕೆ, ಬಡ್ತಿಗೆ ಬೇಕಾದರೆ ಮಾಡಿ. ಬರೀ ಈ ಮೂರು ವಿಷಯಕ್ಕಾಗಿ ಎರಡು ವರ್ಷ ಬೇಡ, ಅದರಲ್ಲಿ ಇವು ಬರೋದು ಒಂದೆರಡು ಪತ್ರಿಕೆಯಲ್ಲಿ ಮಾತ್ರ.

ವಾರಕ್ಕೆ ಎರಡು ಮೂರು ಗಂಟೆ ಬಿಡುವು ಇರುವವರು ಪಿಯುಸಿ ಅಧ್ಯಾಯ, ಸೊಸೈಟಿ ವರದಿ, ಒಂದು ನಡಾವಳಿ, ಸಿಲಿಕಾನ್ ವ್ಯಾಲಿ ಬ್ಯಾಂಕು, ಈ ಕ್ರಮದಲ್ಲಿ ಹೋಗಿ, ಆಮೇಲೆ ಮೆಹ್ರ್ಲಿಂಗ್ ಬೇಕಾ ಆಯೋಗದ ವರದಿ ಬೇಕಾ ಅಂತ ನಿಮಗೇ ಗೊತ್ತಾಗುತ್ತದೆ. ಸಮಿತಿ ಸಭೆಯ ಇಡೀ ವರ್ಷದ ತಾರೀಕುಗಳನ್ನು ಆರ್‌ಬಿಐ ಮುಂಚೆಯೇ ಪ್ರಕಟಿಸುತ್ತದೆ. ಮುಂದಿನದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೆಳಿಗ್ಗೆ 10ಕ್ಕೆ ಗವರ್ನರ್ ಮಾತಾಡುವ ಮೊದಲು ದರ ಏರುತ್ತಾ, ಇಳಿಯುತ್ತಾ, ಅಲ್ಲೇ ಇರುತ್ತಾ ಅಂತ ಕಾರಣ ಸಮೇತ ಒಂದು ಚೀಟಿಯಲ್ಲಿ ಬರೆದಿಡಿ. ಹದಿನಾಲ್ಕು ದಿನ ಬಿಟ್ಟು ನಡಾವಳಿ ಬಂದಾಗ ತೆಗೆದು ತಾಳೆ ನೋಡಿ.